ಕೋಟಿನ ಜೇಬಿನಲ್ಲಿದ್ದ ಎಕ್ಸ್‌ಪೊಸಿತೊ

ಸ್ವೀಡನ್ನಿನ ಶೋವ್ಡೆಯಲ್ಲಿ ಮಗಳ ಮನೆಯ ಬಾಗಿಲ ಮೇಲೆ ನನ್ನ ಹೆಸರಿತ್ತು. ಕಾಗದ ಹಾಕುವ ಸೀಳಿನ ಮೇಲೊಂದು ಪುಟ್ಟ ಪಟ್ಟಿ. ಮೇಲಿನ ಸಾಲಿನಲ್ಲಿ ನಾನು, ಕೆಳಗೆ ‘ಎಕ್ಸ್‌ಪೊಸಿತೊ’. ಆ ಊರಿಗೆ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಕೈಯಲ್ಲಿದ್ದ ಪೆಟ್ಟಿಗೆ ಇಳಿಸದೆ ಎರಡು ಸಲ ಓದಿದೆ.

ಹೆಂಡತಿ ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. ಅವಳು ಹಳೆಯ ಕ್ರಮದವಳು, ಗಂಡನ ಹೆಸರು ಹೇಳುವವಳಲ್ಲ. ಪಟ್ಟಿ ನೋಡಿ, “ಕೆಳಗಿಂದು ಓದಕ್ಕೆ ಬರಲ್ಲ, ಮೇಲಿಂದು ಓದೋ ಹಾಗಿಲ್ಲ. ಬೆಲ್ ಒತ್ತಿ,” ಎಂದಳು.

ನನ್ನ ಹೆಸರು ಅಲ್ಲಿಗೆ ಹೋದದ್ದು ನನ್ನಿಂದಲೇ. ನಮ್ಮ ಕಡೆ ಮನೆತನದ ಹೆಸರೆಂಬುದಿಲ್ಲ. ಊರಿನದೊಂದು ಇನಿಷಿಯಲ್, ತಂದೆಯದೊಂದು, ಆಮೇಲೆ ಸ್ವಂತ ಹೆಸರು. ಮಗಳ ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕಾಲಂ ಕಂಡಾಗ ಖಾಲಿ ಬಿಡಲು ಮನಸ್ಸಾಗದೆ ನನ್ನ ಹೆಸರನ್ನೇ ಬರೆದಿದ್ದೆ. ಆಕೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಳು. ಕೆಳಗಿನ ಹೆಸರು ಅಳಿಯನದು. ಅವನ ತಂದೆ ಹರೆಯದಲ್ಲಿ ಸ್ಪೇನಿನಿಂದ ಬಂದು ಊರಿನ ಕಾರ್ ಎಂಜಿನ್ ಕಾರ್ಖಾನೆ ಸೇರಿ, ಅಲ್ಲಿಯೇ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಎರಡು ಬೀದಿ ಆಚೆ ಒಬ್ಬರೇ ಇದ್ದರು.

ಅದು ಎರಡು ಸಾವಿರದ ದಶಕದ ನಡುವಿನ ಒಂದು ಶರತ್ಕಾಲ. ಮೊಮ್ಮಗಳು ಹುಟ್ಟಿ ಒಂದು ತಿಂಗಳಾಗಿತ್ತು, ವೀಸಾ ಸಿಕ್ಕಿದ್ದು ಆಗಲೇ. ನಾನು ಬೆಳೆದದ್ದು ಗಂಟೆಗೆ ಏಳುವ, ಗಂಟೆಗೆ ಉಣ್ಣುವ ವಿದ್ಯಾರ್ಥಿನಿಲಯದಲ್ಲಿ. ಆಮೇಲೆ ಹೆಡ್‌ಮಾಸ್ಟರಾಗಿ ಆ ಗಂಟೆಯನ್ನು ಬೇರೆಯವರಿಗೆ ಬಾರಿಸಿದೆ. ಶೋವ್ಡೆಯಲ್ಲೂ ಐದಕ್ಕೆ ಎದ್ದು, ಬಾಣಂತಿಯ ಸ್ನಾನಕ್ಕೆ ನೀರು ಹದ ಮಾಡಿಟ್ಟು, ಏಳಕ್ಕೆ ನಡೆಯಲು ಹೊರಡುತ್ತಿದ್ದೆ. ಮಗಳು ನನ್ನನ್ನು ನೋಡಿ ಒಲೆಯ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದಳು.

ಒಂದು ದಿನ ಊಟದ ಮೇಜಿನ ಮೇಲೆ ಮಗುವಿನ ಹೆಸರು ದಾಖಲಿಸುವ ಫಾರ್ಮ್ ಇತ್ತು.

“ಮೂರು ಕಾಲಂ ಅಪ್ಪ,” ಎಂದಳು ಮಗಳು. “ಫಸ್ಟ್ ನೇಮ್, ಮಧ್ಯದ್ದು, ಕೊನೇಗೆ ಸರ್‌ನೇಮ್. ಹುಟ್ಟಿ ಮೂರು ತಿಂಗಳೊಳಗೆ ಕಳಿಸ್ಬೇಕು. ಕಳಿಸ್ಲಿಲ್ಲ ಅಂದ್ರೆ ತಾಯಿ ಸರ್‌ನೇಮ್ ಆಟೋಮ್ಯಾಟಿಕ್ ಆಗಿ ಬಂದ್ಬಿಡುತ್ತೆ.”

“ನೀವೇನು ಬರೀತೀರಿ?”

“ಎಕ್ಸ್‌ಪೊಸಿತೊ. ಇನ್ನೇನು?”

ಮೊಮ್ಮಗಳು ಹೊರುವ ಹೆಸರಿನ ಅರ್ಥ ಗೊತ್ತಿಲ್ಲದೆ ಇರುವುದು ನನಗೆ ಸರಿಬರಲಿಲ್ಲ. ಮರುದಿನ ಲೈಬ್ರರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿದ್ದೆ. ಅಲ್ಲಿನ ಹೆಂಗಸು ಮನೆತನದ ಹೆಸರುಗಳ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಹುಡುಕಿಕೊಟ್ಟಳು. ಅದರಲ್ಲಿ ಹೀಗಿತ್ತು: ಲ್ಯಾಟಿನ್ ಮೂಲ, ಅರ್ಥ ‘ಹೊರಗೆ ಇಡಲ್ಪಟ್ಟವನು’. ಚರ್ಚಿನ, ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಕೂಸುಗಳಿಗೆ ಇಡುತ್ತಿದ್ದ ಹೆಸರು. ಊರೂರಿನಲ್ಲೂ ಹೀಗೆಯೇ ಇಟ್ಟಿದ್ದರಿಂದ ಸ್ಪೇನಿನ ತುಂಬ ಹರಡಿತು, ದಕ್ಷಿಣದಲ್ಲಿ ಇಂದಿಗೂ ಸಾಮಾನ್ಯ. ಈ ಹೆಸರಿನವರೆಲ್ಲ ಒಂದೇ ಮೂಲದವರೆಂದು ತಿಳಿಯಬಾರದು, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಮುಂದೆ ಕಾನೂನು ಇದನ್ನು ಬದಲಿಸಿಕೊಳ್ಳಲು ಅವಕಾಶ ಕೊಟ್ಟಾಗ ಅನೇಕರು ಬಿಟ್ಟರು, ಅನೇಕರು ಇಟ್ಟುಕೊಂಡರು.

ಕನ್ನಡಕ ಒರೆಸಿ ಮತ್ತೆ ಓದಿದೆ. ಒಂದೇ ಹೆಸರು, ಆದರೆ ಸಂಬಂಧವಿಲ್ಲ! ಹಾಗಾದರೆ ಅದು ಯಾವ ಸೀಮೆಯ ಮನೆತನ? ಇಟ್ಟುಕೊಂಡವರು ಯಾಕೆ ಇಟ್ಟುಕೊಂಡರು? ನನ್ನ ಶಾಲೆಗೂ ಅನಾಥಾಲಯದಿಂದ ಮಕ್ಕಳು ಬರುತ್ತಿದ್ದರು. ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಕಾಲಮ್ಮಿಗೆ ಅಡ್ಡಗೆರೆ ಎಳೆಯುತ್ತಿದ್ದೆ. ಆ ಗೆರೆಯನ್ನು ಹಿರಿಯರು ಕಿರಿಯರಿಗೆ ದಾಟಿಸುವುದುಂಟೆ? ಪುಸ್ತಕವನ್ನು ಇದ್ದ ಕಪಾಟಿಗೇ ಸೇರಿಸಿ ಮನೆಗೆ ಬಂದೆ.

ಎರಡು ದಿನ ಬಿಟ್ಟು ಮಗಳು ಅಂಟಿಸಿದ ಲಕೋಟೆ ಕೊಟ್ಟಳು. “ವಾಕಿಂಗ್ ಹೋಗ್ತಾ ಪೋಸ್ಟ್ ಮಾಡ್ಬಿಡಿ ಅಪ್ಪ. ನಿಮ್ಮ ಕೈಗೆ ಕೊಟ್ರೆ ತಲುಪಿದ ಹಾಗೇ.”

ಅಂಚೆಯ ಹಳದಿ ಡಬ್ಬ ನಾನು ನಡೆಯುವ ದಾರಿಯಲ್ಲಿಯೇ ಇತ್ತು. ಅದರ ಮುಂದೆ ನಿಂತೆ. ಲಕೋಟೆ ಕೋಟಿನ ಒಳಜೇಬಿನಲ್ಲಿತ್ತು. ಅಲ್ಲಿಯೇ ಉಳಿಯಿತು.

ನಾಲ್ಕು ದಶಕ ಒಂದು ಕಾಗದವನ್ನೂ ಒಂದು ದಿನ ತಡಮಾಡದ ನಾನು ಅದನ್ನು ಮೂರು ವಾರ ಇಟ್ಟುಕೊಂಡೆ. ಮಗುವಿನ ಒಳ್ಳೆಯದಕ್ಕೆ ಎಂದುಕೊಂಡೆ. ಆದರೆ ಅವಧಿ ಮೀರಿದರೆ ಬರುವ ಹೆಸರು ನನ್ನದೇ ಅಲ್ಲವೆ? ಹಾಗಾದರೆ ಇದು ಯಾರ ಒಳ್ಳೆಯದು? ನಡೆಯುವ ದಾರಿ ಬದಲಿಸಿದೆ. ಊಟದ ಹೊತ್ತು ತಪ್ಪತೊಡಗಿತು.

“ಇನ್ನೂ ಏನೂ ಕಾಗದ ಬಂದಿಲ್ವಲ್ಲ,” ಎಂದಳು ಮಗಳು ಒಂದು ಸಂಜೆ.

“ಬರುತ್ತೆ,” ಎಂದೆ. ಹೆಂಡತಿ ತೊಟ್ಟಿಲ ಬಟ್ಟೆ ಮಡಚುತ್ತ ನನ್ನ ಮುಖವನ್ನೇ ನೋಡಿದಳು.

ಗಡುವಿಗೆ ನಾಲ್ಕು ದಿನ ಉಳಿದಿತ್ತು. ಬೀಗರು ದಾಲ್ಚಿನ್ನಿ ಬನ್ನಿನ ಪೊಟ್ಟಣ ಹಿಡಿದು ಕಾಫಿಗೆ ಬಂದರು. ಮಗಳೂ ಹೆಂಡತಿಯೂ ಒಳಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಬೀಗರ ಇಂಗ್ಲಿಷ್ ಕಾರ್ಖಾನೆಯಲ್ಲಿ ಕಲಿತದ್ದು, ನನ್ನದು ಶಾಲೆಯದು. ಅವರು ನನ್ನನ್ನು ಮಾಯೆಸ್ತ್ರೊ, ಮೇಷ್ಟ್ರೇ, ಎಂದು ಕರೆಯುತ್ತಿದ್ದರು.

“ಮಾಯೆಸ್ತ್ರೊ, ನೀವು ಇವತ್ತು ಕಾಫಿ ಮೇಜಿಗೆ ಏಳು ನಿಮಿಷ ಲೇಟು. ಕಾಯಿಲೆಯೇ?”

ತಡೆಯಲಾಗದೆ ಕೇಳಿಬಿಟ್ಟೆ. “ನಿಮ್ಮ ಹೆಸರಿನ ಅರ್ಥ ಪುಸ್ತಕದಲ್ಲಿ ನೋಡಿದೆ. ಅದು ನಿಜವೇ?”

“ನಿಜ. ನನ್ನ ಅಜ್ಜನ ಅಪ್ಪ. ಅನಾಥಾಲಯದ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆ. ಈ ಕಡೆ ಮಗು ಇಟ್ಟು ತಿರುಗಿಸಿದರೆ ಆ ಕಡೆ ಹೋಗುತ್ತೆ. ಇಟ್ಟವರ ಮುಖ ಯಾರಿಗೂ ಕಾಣಲ್ಲ.” ಅಂಗೈ ತಿರುಗಿಸಿ ತೋರಿಸಿದರು. “ಶಾಲೆಯಲ್ಲಿ ಹುಡುಗರು ನನ್ನನ್ನು ಪೆಟ್ಟಿಗೆ ಅಂತ ಕರೀತಿದ್ರು.”

“ಕಾನೂನು ಬಂತಲ್ಲ. ಯಾಕೆ ಬದಲಿಸಲಿಲ್ಲ?”

ಬೀಗರು ಬನ್ನಿನ ಸುರುಳಿಯನ್ನು ನಿಧಾನವಾಗಿ ಬಿಡಿಸಿದರು. “ನಮ್ಮಪ್ಪ ಹೋಗಿದ್ದರು. ಹಬ್ಬದ ಷರ್ಟು ಹಾಕಿಕೊಂಡು, ಹನ್ನೆರಡು ಮೈಲಿ ನಡೆದು. ಗುಮಾಸ್ತ ಕೇಳಿದ, ಇದನ್ನು ತೆಗೆದು ಯಾವುದು ಬರೀಲಿ? ಅಪ್ಪನಿಗೆ ಬೇರೆ ಯಾವುದೂ ಗೊತ್ತಿರಲಿಲ್ಲ. ಯೋಚಿಸಿ ಬರ್ತೀನಿ ಅಂದರಂತೆ. ಆಮೇಲೆ ಹೋಗಲೇ ಇಲ್ಲ.”

ನಾನು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

“ನಾನೂ ಮಗನಿಗೆ ಹೇಳಿದೆ,” ಎಂದರು. “ಫಾರ್ಮ್ ಕಳಿಸಬೇಡ, ಮಾಯೆಸ್ತ್ರೊ ಹೆಸರೇ ಬರಲಿ, ಹುಡುಗಿಯನ್ನು ಯಾರೂ ಪೆಟ್ಟಿಗೆ ಅನ್ನುವುದು ಬೇಡ ಅಂತ. ಒಪ್ಪದವಳು ನಿಮ್ಮ ಮಗಳು. ಈ ಹೆಸರನ್ನು ಯಾರಾದರೂ ಕೇಳಿ ಪಡೆದದ್ದು ಇದೇ ಮೊದಲು.” ಒಂದು ಗುಟುಕು ಕಾಫಿ ಕುಡಿದರು. “ನಮ್ಮ ದೇಶದಲ್ಲಿ ಎರಡು ಸರ್‌ನೇಮ್. ಮೊದಲು ಅಪ್ಪನದು, ಆಮೇಲೆ ಅಮ್ಮನದು. ಇಲ್ಲಿ ಒಂದೇ. ಅದಕ್ಕೇ ನಿಮ್ಮದನ್ನು ಮಧ್ಯದ ಕಾಲಮ್ಮಿನಲ್ಲಿ ಹಾಕಿದ್ದಾರೆ. ಹೇಳಲಿಲ್ಲವೇ?”

ಹೇಳಿರಲಿಲ್ಲ. ಲಕೋಟೆ ಅಂಟಿಸಿತ್ತು. ಮೂರು ವಾರದಿಂದ ನನ್ನ ಎದೆಯ ಮೇಲೆ ನನ್ನ ಹೆಸರನ್ನೂ ಅವರ ಹೆಸರನ್ನೂ ಒಟ್ಟಿಗೆ ಹೊತ್ತು ತಿರುಗಿದ್ದೆ. ಬೀಗರಿಗೆ ಬೇಡವೆನಿಸಿದ್ದು ಮಗಳಿಗೆ ಬೇಕಾಗಿತ್ತು. ನಾನು ಗುಟ್ಟಾಗಿ ಮಾಡುತ್ತಿದ್ದುದನ್ನು ಬೀಗರು ಬಾಯಿಬಿಟ್ಟು ಹೇಳಿ ಸೋತಿದ್ದರು. ಯಾರು ಯಾರ ಕಡೆ ಎಂಬುದೇ ತಿಳಿಯಲಿಲ್ಲ. ಎದ್ದು ಕೋಟು ಹಾಕಿಕೊಂಡೆ.

“ಕಾಫಿ ಬಿಟ್ಟು ಎಲ್ಲಿಗೆ?”

“ಒಂದು ಕೆಲಸ ತಡವಾಗಿದೆ.”

ಹಳದಿ ಡಬ್ಬದ ಮೇಲೆ ಕಾಗದ ತೆಗೆಯುವ ಹೊತ್ತು ಬರೆದಿತ್ತು. ಲಕೋಟೆಯ ಮೂಲೆಗಳು ಮಡಿಚಿಕೊಂಡಿದ್ದವು. ತೊಡೆಯ ಮೇಲಿಟ್ಟು ನೇರ ಮಾಡಿ ಒಳಗೆ ಹಾಕಿದೆ. ಗಾಡಿ ಬಂದು ಚೀಲ ಎತ್ತಿಕೊಂಡು ಹೋಗುವವರೆಗೆ ಅಲ್ಲೇ ನಿಂತಿದ್ದೆ. ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ತಟ್ಟೆ ಪಕ್ಕಕ್ಕೆ ಸರಿಸಿ, “ನಾಳೆಯಿಂದ ಪೋಸ್ಟ್ ನಾನೇ ಮಾಡ್ಕೋತೀನಿ,” ಎಂದಳು. ನಾವು ಊರಿಗೆ ಹೊರಡುವ ತನಕ ಹಾಗೆಯೇ ಮಾಡಿದಳು.

ದಾಖಲಾದ ಕಾಗದ ಬಂದ ಮರುವಾರ ಮಗುವಿಗೆ ಲಸಿಕೆ. ಮಗಳು ಕಾರು ನಿಲ್ಲಿಸಲು ಹೋಗಿದ್ದಳು. ಮಗು ನನ್ನ ಹೆಂಡತಿಯ ತೋಳಿನಲ್ಲಿತ್ತು. ನರ್ಸ್ ಪೆನ್ನು ಹಿಡಿದು, ಹೆಸರು ದಾಖಲಾಯಿತೇ, ಪೂರ್ತಿ ಹೆಸರೇನು ಎಂದು ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದಳು. ನಾನು ಬಾಯಿ ತೆರೆದೆ.

“ನೀವಿರಿ,” ಎಂದಳು ಹೆಂಡತಿ. ಮಗುವಿನ ಹೆಸರು ಹೇಳಿದಳು. ನಡುವಿನ ಹೆಸರು ಬಂದಾಗ ನಿಂತಳು, ಸೆರಗು ಸರಿಪಡಿಸಿಕೊಂಡಳು, ಗದ್ದವನ್ನು ನನ್ನ ಕಡೆ ಎತ್ತಿ ತೋರಿಸಿದಳು. ನರ್ಸ್‌ಗೆ ಏನೂ ತಿಳಿಯಲಿಲ್ಲ. ಆಮೇಲೆ ಅಕ್ಷರ ಅಕ್ಷರ ಬಿಡಿಸಿ, ಯಾವ ದಿನ ಯಾರಿಂದ ಕಲಿತಿದ್ದಳೋ, ಒಂದಿಷ್ಟೂ ತೊಡರದೆ ಹೇಳಿದಳು: “ಎಕ್ಸ್‌ಪೊಸಿತೊ.”

ನರ್ಸ್ ಅಷ್ಟನ್ನೇ ಬರೆದುಕೊಂಡಳು.