ವೆಲ್ಡನ್‌ಗೆ ಬರಬೇಕಿದ್ದ ಐದನೆಯ ವರ್ಷ

ಮಾರ್ಚ್ ಬಂತೆಂದರೆ ನಮ್ಮ ಪೈನ್ ಫೋರ್ಕ್ ಊರಿನ ಟೈರ್ ಅಂಗಡಿಗೆ ಕೆಲಸವಿಲ್ಲದವರೂ ಬರುತ್ತಾರೆ. ಅಲ್ಲಿ ಚಕ್ರ ಬಿಚ್ಚಿ ಹಾಕುವ ವೆಲ್ಡನ್ ಮಾಪಿನ್‌ನನ್ನು ಅವರು ಹಿಂದಿನ ಸಂಜೆ ಟಿವಿಯಲ್ಲಿ ಮತ್ತೊಮ್ಮೆ ನೋಡಿರುತ್ತಾರೆ: ಕೊನೆಯ ಗಳಿಗೆಯಲ್ಲಿ ಅವನು ಬಿಟ್ಟ ಚೆಂಡು ಬಲೆಯೊಳಗೆ ಇಳಿಯುವುದು, ಸೋಲನ್ನೇ ಅರಿಯದ ದೊಡ್ಡ ವಿಶ್ವವಿದ್ಯಾಲಯದ ಹುಡುಗರು ತಲೆಯ ಮೇಲೆ ಕೈಹೊತ್ತು ನಿಲ್ಲುವುದು.

“ಅವತ್ತು ಚೆಂಡು ಸರಿಯಾಗಿ ಹಾಕ್ದೆ. ಇವತ್ತು ನಟ್ಟೂ ಸರಿಯಾಗಿ ಹಾಕಪ್ಪ.”

“ನಟ್ಟು ಬಿಚ್ಕೊಂಡ್ರೆ ಟಿವಿಯೋರು ನಿಮ್ಮನ್ನೂ ತೋರಿಸ್ತಾರೆ ಬಿಡಿ,” ಎನ್ನುತ್ತಾನೆ ವೆಲ್ಡನ್.

ಆ ಚೆಂಡು ಹಾಕುವಾಗ ಅದು ತನ್ನ ಕೊನೆಯ ವರ್ಷವೆಂದು ಅವನಿಗೆ ಗೊತ್ತಿರಲಿಲ್ಲ. ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರನಿಗೆ ಸಿಗುವುದು ನಾಲ್ಕು ವರ್ಷದ ಆಟ. ಎರಡನೆಯ ವರ್ಷದ ಮೊದಲ ವಾರದಲ್ಲೇ ವೆಲ್ಡನ್‌ನ ಮಂಡಿ ಕೈಕೊಟ್ಟು, ಉಳಿದ ಆಟಗಳನ್ನೆಲ್ಲ ಅವನು ಬೆಂಚಿನಿಂದ ನೋಡಿದ್ದ. ಹಾಗೆ ಕಳೆದುಹೋದ ವರ್ಷವನ್ನು ಮರಳಿ ಕೊಡುವ ನಿಯಮವಿದೆ. ಆದರೆ ಮೇಲಿನವರನ್ನು ಅದನ್ನು ಕೇಳಬೇಕಾದ್ದು ಆಟಗಾರನಲ್ಲ, ಪೆಟ್ಟು ತಿಂದಾಗ ಅವನು ಆಡುತ್ತಿದ್ದ ಕಾಲೇಜು.

ಪೈನ್ ಫೋರ್ಕ್ ಕಾಲೇಜಿನ ಕೋಚ್ ಲಿಂಡೆಲ್ ಅದಕ್ಕೆ ಮಾತು ಕೊಟ್ಟಿದ್ದರು. ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲಿ ದೊಡ್ಡ ತಂಡವೊಂದು ವೆಲ್ಡನ್‌ನನ್ನು ಕರೆದಾಗ ಅವರು ಮಾಪಿನ್‌ರ ಮನೆಗೇ ಬಂದರು. ವೆಲ್ಡನ್‌ನ ತಾಯಿ ಒಡೆಸ್ಸಾ ಬಡಿಸಿದ ಬೀನ್ಸ್‌ಕಾಳಿನ ಸಾರು, ಮೆಕ್ಕೆಜೋಳದ ರೊಟ್ಟಿ ಎರಡೆರಡು ಸಲ ಹಾಕಿಸಿಕೊಂಡರು. “ಮಿಸ್ ಒಡೆಸ್ಸಾ, ನಿಮ್ಮ ಮಗ ಇಲ್ಲೇ ಇರ್ಲಿ. ಆ ಐದನೇ ವರ್ಷ ಅವಂದು. ಕೊಡ್ಸೋದು ನನ್ ಕೆಲ್ಸ,” ಎಂದರು. ವೆಲ್ಡನ್ ಉಳಿದ.

ಚಳಿಗಾಲದಲ್ಲಿ ಒಡೆಸ್ಸಾಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಫೆಬ್ರವರಿ ಕೊನೆಗೆ, ಊರಿನಲ್ಲಿ ನಡೆಯುವ ಕಡೆಯ ಆಟದ ಮುನ್ನ, ಕಾಲೇಜು ಮುಗಿಸುವ ಆಟಗಾರರಿಗೆ ಬೀಳ್ಕೊಡುಗೆ ಇರುತ್ತದೆ. ದೀಪಗಳನ್ನು ಆರಿಸಿ ಹೆಸರು ಕೂಗುತ್ತಾರೆ. ಹುಡುಗ ತಾಯಿಯ ತೋಳು ಹಿಡಿದು ಅಂಕಣದ ನಡುವಿಗೆ ನಡೆಯುತ್ತಾನೆ, ಊರಿಗೆ ಊರೇ ಎದ್ದು ನಿಲ್ಲುತ್ತದೆ. ಒಬ್ಬ ಹುಡುಗ ಒಂದೇ ಸಲ ನಡೆಯುವ ನಡಿಗೆ ಅದು.

“ವೆಲ್, ಈ ಸಲವೇ ಅಮ್ಮನ್ ಜೊತೆ ನಡೆದ್ಬಿಡು,” ಎಂದರು ಲಿಂಡೆಲ್. “ಮುಂದಿನ್ ವರ್ಷದ್ದು ಯಾರು ಕಂಡಿದಾರೆ?”

“ಹಂಗಾದ್ರೆ ನಾನು ಹೊರಟೋಗ್ತಿದೀನಿ ಅಂತ ಜನ ಅಂದ್ಕೊಳ್ಳಲ್ವಾ ಕೋಚ್?”

“ಅಂದ್ಕೊಳ್ಳಿ ಬಿಡೋ. ಮುಂದಿನ್ ವರ್ಷ ಬಂದು ಬೆಚ್ಚಿಬೀಳಿಸಿದ್ರಾಯ್ತು.”

ತಲೆಗೆ ರುಮಾಲು ಕಟ್ಟಿಕೊಂಡು ಒಡೆಸ್ಸಾ ನಡೆದರು. ಆ ದಿನ ಅಳದವರು ಕಡಿಮೆ.

ಮೂರು ವಾರದಲ್ಲಿ ಆ ಗೆಲುವು ಬಂತು. ದೇಶದ ದೊಡ್ಡ ಪಂದ್ಯಾವಳಿಯ ಒಂದು ಗೆಲುವೆಂದರೆ ಕಾಲೇಜು ಸೇರಿಕೊಂಡಿರುವ ಕಾಲೇಜುಗಳ ಕೂಟಕ್ಕೆ ಆರು ವರ್ಷ ಹಣ ಹರಿದುಬರುತ್ತದೆ, ಕೂಟದ ಎಲ್ಲರಿಗೂ ಪಾಲು ಸಿಗುತ್ತದೆ. ಪೈನ್ ಫೋರ್ಕ್ ಕಾಲೇಜು ಹೊಸ ಅಭ್ಯಾಸ ಮಂದಿರಕ್ಕೆ ಗುದ್ದಲಿ ಹಾಕಿತು. ಲಿಂಡೆಲ್‌ಗೆ ದೊಡ್ಡ ವಿಶ್ವವಿದ್ಯಾಲಯವೊಂದರಿಂದ ಕರೆ ಬಂತು, ಅವರು ಹೊರಟರು.

ವೆಲ್ಡನ್ ಕ್ರೀಡಾ ವಿಭಾಗದ ಮುಖ್ಯಸ್ಥೆ ಪ್ರೂಯಿಟ್ ಅವರ ಕೋಣೆಗೆ ಹೋದ.

“ಮುಂದಿನ ವರ್ಷದ ನಿನ್ನ ಜಾಗ ಜನವರಿಯಲ್ಲೇ ಬೇರೆ ಕಾಲೇಜಿನ ಹುಡುಗನೊಬ್ಬನಿಗೆ ಹೋಯ್ತಲ್ಲಪ್ಪ. ಲಿಂಡೆಲ್ಲೇ ಕೊಟ್ಟು ಹೋಗಿದ್ದು. ಅದೂ ಅಲ್ದೆ ನೀನು ಬೀಳ್ಕೊಡುಗೆ ತಗೊಂಡಾಯ್ತು. ಊರೆಲ್ಲ ನೋಡಿದೆ.”

“ಜಾಗ ಬೇಡ ಮೇಡಂ. ಆ ವರ್ಷ ಕೊಡಿ ಅಂತ ನೀವೊಂದು ಮಾತು ಕೇಳಿ ಸಾಕು. ಗುಡ್ಡದಾಚೆ ಕಾಲೇಜಿನೋರು ನನ್ನ ತಗೋತೀವಿ ಅಂದಿದಾರೆ.”

ಆ ಕಾಲೇಜು ಅದೇ ಕೂಟದ್ದು, ಹಳೆಯ ಎದುರಾಳಿ.

“ಅವರ ಜರ್ಸಿ ಹಾಕ್ಕೊಂಡು ಇಲ್ಲೇ ಬಂದು ನಮ್ಮನ್ನ ಸೋಲಿಸ್ತೀಯ. ಆಮೇಲೆ ದಾನಿಗಳಿಗೆ ನಾನೇನು ಹೇಳ್ಲಿ?” ಎಂದರು ಪ್ರೂಯಿಟ್. ಬಾಗಿಲವರೆಗೆ ಬಂದು ಅವನ ಬೆನ್ನು ತಟ್ಟಿ ಕಳಿಸಿದರು.

ವೆಲ್ಡನ್ ಲಿಂಡೆಲ್‌ಗೆ ಫೋನ್ ಮಾಡಿದ. ಅವರು ಎತ್ತಲಿಲ್ಲ. ಕಾಲೇಜು ಆ ವರ್ಷವನ್ನು ಕೇಳಲಿಲ್ಲ, ಕೇಳುವ ಗಡುವು ಬೇಸಿಗೆಯಲ್ಲಿ ಮುಗಿಯಿತು. ಒಡೆಸ್ಸಾ ಚೇತರಿಸಿಕೊಂಡರು, ಮುಂದಿನ ಫೆಬ್ರವರಿಗೆ ಗಟ್ಟಿಮುಟ್ಟಾಗಿದ್ದರು. ಜಾಗವನ್ನು ಲಿಂಡೆಲ್ಲೇ ಬೇರೆಯವನಿಗೆ ಕೊಟ್ಟ ವಿಷಯ ಮಗ ಅವರಿಗೆ ಹೇಳಿರಲಿಲ್ಲ. ಕಾಲೇಜಿನವರೇ ಕೆಟ್ಟವರು, ಕೋಚ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದೇ ಅವರು ನಂಬಿದ್ದರು. ಚರ್ಚಿನಲ್ಲಿ ಪಾದ್ರಿ, ಯಾರಿಗಾಗಿ ಪ್ರಾರ್ಥಿಸೋಣ ಎಂದು ಕೇಳಿದಾಗಲೆಲ್ಲ ಒಡೆಸ್ಸಾ ಮೊದಲು ಹೇಳುತ್ತಿದ್ದುದು ಲಿಂಡೆಲ್ ಹೆಸರನ್ನೇ.

ಈ ಮಾರ್ಚ್‌ನಲ್ಲಿ, ಆರು ವರ್ಷದ ಬಳಿಕ, ಲಿಂಡೆಲ್ ತಾವಾಗಿಯೇ ಫೋನ್ ಮಾಡಿದರು. ತಾಯಿ ಮಗ ಊಟಕ್ಕೆ ಕೂತಿದ್ದರು, ಕೈ ಎಂಜಲಾಗಿದ್ದರಿಂದ ವೆಲ್ಡನ್ ಸ್ಪೀಕರ್ ಒತ್ತಿದ.

“ಮಗಾ, ನನ್ನ ಹುಡುಗ್ರು ಒಬ್ಬೊಬ್ಬರೇ ದುಡ್ಡಿನ ಹಿಂದೆ ಬೇರೆ ತಂಡಕ್ಕೆ ಓಡ್ತಿದಾರೆ. ನೀನು ಬಂದು ನಿಷ್ಠೆ ಅಂದ್ರೇನು ಅಂತ ಎರಡು ಮಾತು ಹೇಳು. ವಿಮಾನದ ಖರ್ಚು ನಮ್ದು.”

“ಕೋಚ್, ಅಮ್ಮನ ಜೊತೆ ನಡಿ ಅಂದ್ರಲ್ಲ, ಅಷ್ಟೊತ್ತಿಗೆ ನನ್ನ ಜಾಗ ಬೇರೆಯವಂಗೆ ಕೊಟ್ಟಾಗಿತ್ತಾ?”



“ತಂಡ ನಡೆಸೋನು ಎಲ್ಲಾ ಬಾಗ್ಲೂ ತೆರೆದಿಟ್ಕೋಬೇಕಾಗತ್ತೆ ಮಗಾ. ನಿಮ್ಮಮ್ಮಂಗೂ ಅವತ್ತು ಸಂತೋಷ ಆಯ್ತಲ್ವಾ?”

ವೆಲ್ಡನ್ ಫೋನ್ ಆರಿಸಿದ. ಒಡೆಸ್ಸಾ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆ ಭಾನುವಾರ ಪಾದ್ರಿ ಎಂದಿನಂತೆ ಕೇಳಿ, ಎಂದಿನಂತೆ ಒಡೆಸ್ಸಾ ಕಡೆ ನೋಡಿದರು. ನಾನು ಅವರ ಹಿಂದಿನ ಸಾಲಿನಲ್ಲಿದ್ದೆ. ಒಡೆಸ್ಸಾ ಪಕ್ಕದಲ್ಲಿದ್ದ ಮುದುಕಿ ಅವರನ್ನು ಮೊಣಕೈಯಿಂದ ತಿವಿದಳು.

“ಏನೇ, ಕೋಚ್ ಹೆಸ್ರು ಮರ್ತೋಯ್ತಾ?”

“ಮರೆತಿಲ್ಲ ಕಣೇ,” ಎಂದರು ಒಡೆಸ್ಸಾ. ಪಾದ್ರಿ ಸ್ವಲ್ಪ ಕಾದು, ಮುಂದಿನವರನ್ನು ಕೇಳಿದರು.