ಒಲೆ ಹಚ್ಚದೆ ಕುದಿಯುವ ನೀರು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಮದುವೆಯ ಮರುವರ್ಷ ಹಿಡಿದ ಕೆಲಸ. ಆವಿಗೆ ಮುಖ ಕೊಟ್ಟೂ ಕೊಟ್ಟೂ ಹುಬ್ಬು ತೆಳ್ಳಗಾಗಿತ್ತು. ಬೆಳಿಗ್ಗೆ ಮನೆಯವರ ಸ್ನಾನಕ್ಕೆ ನೀರು ಕಾಯಿಸಿ ಬಂದವಳು ಇಲ್ಲಿ ಬಾಯ್ಲರಿಗೆ ನೀರು ತುಂಬಬೇಕು, ಸಂಜೆ ಹೋಗಿ ಮತ್ತೆ ಒಲೆ ಮೇಲೆ ನೀರಿಡಬೇಕು.

ಹಾಗಾಗಿ ನಾದಿನಿ ಫೋನಿನಲ್ಲಿ ತಾವೆಲ್ಲ ಪ್ರವಾಸ ಹೋಗಲಿರುವ ಐಸ್‌ಲ್ಯಾಂಡಿನ ವಿಡಿಯೋ ತೋರಿಸಿದಾಗ ಅವಳ ಕಣ್ಣು ಹಿಮದ ಮೇಲೂ ಹೋಗಲಿಲ್ಲ, ಬೆಂಕಿಯುಗುಳುವ ಬೆಟ್ಟದ ಮೇಲೂ ಹೋಗಲಿಲ್ಲ. ಬಟಾಬಯಲಲ್ಲಿ ನೆಲವೇ ನೀರು ಕಾಯಿಸಿ ಆಳೆತ್ತರಕ್ಕೆ ಚಿಮ್ಮಿಸುತ್ತಿತ್ತು. ಒಲೆ ಹಚ್ಚಿದವರಿಲ್ಲ, ಉರಿ ನೋಡಿಕೊಳ್ಳುವವರಿಲ್ಲ.

ಮರುದಿನ ಲಾಂಡ್ರಿಯಲ್ಲಿ ಇದನ್ನು ಹೇಳಿದಾಗ ಕಲೆ ತೆಗೆಯುವ ಗೆಳತಿ ಬ್ರಷ್ ಕೆಳಗಿಟ್ಟು ನಕ್ಕಳು. "ನಂಬಬೇಡ ಕಣೇ. ಅಲ್ಲೂ ಯಾವಳೋ ಒಬ್ಬಳು ನೆಲದ ಕೆಳಗೆ ಕೂತು ಊದ್ತಾ ಇರ್ತಾಳೆ."

"ಇದ್ರೆ ಅವಳನ್ನೇ ಮಾತಾಡಿಸ್ಕೊಂಡು ಬರ್ತೀನಿ ಬಿಡು," ಎಂದಳು ಇಸ್ತ್ರಿಯಕ್ಕ. ನಗುತ್ತಲೇ ಅಂದರೂ ಆಸೆ ಆಗಲೇ ಬೇರು ಬಿಟ್ಟಿತ್ತು. ಆ ನೀರಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಬೇರೇನೂ ಬೇಡ.

ಪ್ರವಾಸದ ಮಾತು ಸಂಜೆ ಸಂಜೆ ನಡುಮನೆಯಲ್ಲಿ ನಡೆಯುತ್ತಿತ್ತು. ಗಂಡ, ನಾದಿನಿ, ನಾದಿನಿಯ ಗಂಡ ನಕ್ಷೆ ಹರವಿಕೊಂಡು ಕೂರುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಅತ್ತೆ. ಇವಳ ಪಾಲಿಗೆ ಅಡುಗೆಮನೆಯ ಬಾಗಿಲು. ಒಂದು ಕಿವಿ ಒಲೆಗೆ, ಒಂದು ಕಿವಿ ನಡುಮನೆಗೆ. ನಾದಿನಿ ಆ ದಿನಗಳಲ್ಲಿ ಬೆಲ್ಲದಂತೆ ಮಾತಾಡತೊಡಗಿದ್ದಳು.

"ಅತ್ತಿಗೆ, ಹೋಟೆಲ್ ಬೇಡ ಅಂತ ಅಡುಗೆಮನೆ ಇರೋ ಮನೇನೇ ಹಿಡಿದಿದೀವಿ. ನಿಮ್ಮ ಕೈ ಊಟ ಇಲ್ದೆ ನಮಗೆಲ್ಲಿ ಆಗುತ್ತೆ? ಅಲ್ಲಿ ನಲ್ಲೀಲೇ ನೆಲದ ಬಿಸಿನೀರು ಬರುತ್ತಂತೆ. ಪಾತ್ರೆ ತೊಳೆಯೋಕೆ ಎಷ್ಟು ಸುಲಭ ನೋಡಿ!"

ಇಂಥದೇ ಬೆಲ್ಲದ ಮಾತು ಸಮುದ್ರ ನೋಡಲು ಹೋದಾಗಲೂ ಇತ್ತು. ಅಲ್ಲಿ ಅವಳು ಅತ್ತೆಯ ಜೊತೆ ರೂಮಿನಲ್ಲಿ ಉಳಿದಳು, ನಾದಿನಿಯ ಮಕ್ಕಳ ಒದ್ದೆ ಬಟ್ಟೆಯಿಂದ ಮರಳು ಕೊಡವಿದಳು. ಸಮುದ್ರ ಅವಳಿಗೆ ಸಿಕ್ಕಿದ್ದು ಆ ಮರಳಿನಲ್ಲಿ ಮಾತ್ರ.

ಆ ವಾರ ಗಂಡ ಎಲ್ಲರ ಪಾದವನ್ನೂ ಹಳೇ ಪೇಪರಿನ ಮೇಲೆ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡ. ಹಿಮದ ಮೇಲೆ ಜಾರದ ಬೂಟು ತರಿಸಬೇಕಿತ್ತು. ಅವಳು ಕೈ ಒರೆಸಿಕೊಂಡು ಬಂದು ನಿಂತಳು. ಅವನು ಪೇಪರ್ ಮಡಿಚಿದ.

"ನಂದು?"

"ನಿಂಗ್ಯಾಕೆ ಬೂಟು? ಮನೆಯೊಳಗೆ ಹೀಟರ್ ಇರುತ್ತೆ."

"ಬಿಸಿನೀರು ಚಿಮ್ಮೋದು ನೋಡೋಕೆ ನಾನೂ ಬರಬೇಕಲ್ಲ?"

"ಅಮ್ಮನ್ನ ಒಬ್ಬಳನ್ನೇ ಬಿಟ್ಟು ಹೇಗೆ ಬರ್ತೀಯ? ನೋಡೋಣ."

ನೋಡೋಣ ಎಂದರೆ ಆ ಮನೆಯಲ್ಲಿ ಇಲ್ಲ ಎಂದರ್ಥ.

ಮರುದಿನ ಲಾಂಡ್ರಿಗೆ ರಜೆ. ಮಧ್ಯಾಹ್ನ ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು. "ಅಷ್ಟು ಚಳೀಲಿ ನಿಮ್ಮ ಕೈಲಾಗುತ್ತಾ, ಅತ್ತೆ?"

ಮುದುಕಿ ಕಣ್ಣರಳಿಸಿತು. "ನಾನು ಬರ್ತೀನಿ ಅಂತ ಯಾವತ್ತು ಹೇಳ್ದೆ? ಯಾರಾದ್ರೂ ಕೇಳಿದ್ರಾ? ನಂಗೆ ಐಸು ನೋಡಬೇಕಿದ್ರೆ ಫ್ರಿಜ್ ಬಾಗಿಲು ತೆಗೀತೀನಿ."

ಇಬ್ಬರೂ ನಕ್ಕರು. ಇಷ್ಟು ವರ್ಷಗಳಲ್ಲಿ ಅತ್ತೆ ಸೊಸೆ ಹಾಗೆ ಒಟ್ಟಿಗೆ ನಕ್ಕಿದ್ದು ಅಪರೂಪ. ಅಂದು ಸಂಜೆ ಮುದುಕಿ ಎಲ್ಲರೆದುರು ಹೇಳಿಯೇಬಿಟ್ಟಿತು. "ನಾನು ಬರೋದಿಲ್ಲ. ತಂಗೀನ ಕರೆಸ್ಕೊಂಡು ಇಲ್ಲೇ ಇರ್ತೀನಿ. ನನ್ನ ಸೊಸೆ ಹಾಯಾಗಿ ತಿರುಗಾಡಿ ಬರ್ಲಿ."

ಇಸ್ತ್ರಿಯಕ್ಕ ಉಸಿರು ಹಿಡಿದು ಬಾಗಿಲಿಗೊರಗಿದಳು. ನಾದಿನಿ ಅಣ್ಣನ ಮುಖ ನೋಡಿದಳು, ಅಣ್ಣ ತಂಗಿಯ ಮುಖ ನೋಡಿದ.

"ಸರಿ ಹಾಗಾದ್ರೆ," ನಾದಿನಿ ಚಪ್ಪಾಳೆ ತಟ್ಟಿದಳು. "ಪುಟ್ಟೀನ ಬಿಟ್ಟು ಹೋಗಬೇಕಲ್ಲ ಅಂತ ನಂಗೆ ಹೊಟ್ಟೆ ಉರೀತಿತ್ತು. ಈಗ ಅವಳನ್ನೂ ಕರ್ಕೊಂಡು ಹೋಗಬಹುದು. ಹೇಗೂ ಅತ್ತಿಗೆ ಅಲ್ಲಿನ ಮನೇಲಿ ಇರ್ತಾರಲ್ಲ!"

ಪುಟ್ಟಿ ನಾದಿನಿಯ ಕಿರಿಮಗಳು, ಆಗಷ್ಟೇ ನಡೆಯಲು ಕಲಿತದ್ದು.

ಇಸ್ತ್ರಿಯಕ್ಕನಿಗೆ ಆಗ ತಿಳಿಯಿತು. ಅವಳನ್ನು ಕೂರಿಸುವ ಜಾಗ ಮೊದಲೇ ಸಿದ್ಧವಾಗಿತ್ತು. ಅದಕ್ಕೆ ಕಾರಣ ಹುಡುಕುವುದಷ್ಟೇ ಬಾಕಿ. ಅತ್ತೆ ಇಲ್ಲವೆಂದರೆ ಮಗು, ಮಗು ಇಲ್ಲವೆಂದರೆ ಇನ್ನೊಂದು.

"ನಾನೂ ಬರೋದಿಲ್ಲ," ಎಂದಳು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಗಂಡ ನಿಧಾನವಾಗಿ ಎದ್ದು ಒಳಗೆ ಹೋದ. ಬೀರು ತೆರೆದ ಸದ್ದು, ಬೀಗ ಬಿದ್ದ ಸದ್ದು. ಬೀಗದ ಕೈಯನ್ನು ಜೇಬಿಗಿಳಿಸುತ್ತಾ ಹೊರಗೆ ಬಂದ.

"ಪಾಸ್‌ಪೋರ್ಟೆಲ್ಲ ಒಂದೇ ಕಡೆ ಇಟ್ಟಿದೀನಿ, ನಿಂದೂ ಸೇರಿಸಿ. ನೀನು ಬಚ್ಚಿಡೋ ಹಾಗಿಲ್ಲ. ಟಿಕೆಟ್ ಆಗಿದೆ. ಸುಮ್ನೆ ಬಾ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಾಮಾನು ಕಟ್ಟುವಾಗಿನ ದನಿ ಅದು. ನಾದಿನಿ ನಗುತ್ತಲೇ ಅವಳನ್ನು ಕೂರಿಸಿ, ಪುಟ್ಟಿಯನ್ನು ತಂದು ಅವಳ ತೊಡೆಯ ಮೇಲಿಟ್ಟಳು. ಏನೂ ಅರಿಯದ ಮಗು ಅವಳ ಸೆರಗು ಹಿಡಿದುಕೊಂಡು ಅಲ್ಲೇ ನಿದ್ದೆ ಹೋಯಿತು. ಎದ್ದರೆ ಮಗು ಎಚ್ಚರಾಗುತ್ತದೆ. ಅವಳು ಏಳಲಿಲ್ಲ. ಮುದುಕಿ ಮೂಲೆಯಿಂದ ಅವಳನ್ನೇ ನೋಡಿತು. ಆಮೇಲೆ ತನ್ನ ಮಂಡಿ ತಿಕ್ಕಿಕೊಳ್ಳತೊಡಗಿತು.

ನಕ್ಷೆ ಮತ್ತೆ ಹರಡಿತು. ಯಾವ ದಿನ ಕಪ್ಪು ಮರಳಿನ ತೀರ, ಯಾವ ದಿನ ಬಿಸಿನೀರು ಎಂದು ಗಂಡ ಬೆರಳಿಡುತ್ತಾ ಹೋದ. ನಾದಿನಿ ತಲೆಯೆತ್ತದೆ ಕೇಳಿದಳು. "ಅತ್ತಿಗೆ, ನಾವು ಕತ್ತಲಲ್ಲೇ ಹೊರಡಬೇಕಾಗುತ್ತೆ. ಬುತ್ತಿ ಕಟ್ಟೋಕೆ ಎಷ್ಟು ಹೊತ್ತಿಗೆ ಏಳ್ತೀರ?"

ಅವಳು ಹಲ್ಲು ಕಚ್ಚಿದಳು. ಉತ್ತರ ಕೊಡಬಾರದು, ಏನಾದರಾಗಲಿ ಕೊಡಬಾರದು.

"ನಾಲ್ಕಕ್ಕೆ ಎದ್ರೆ ಸಾಕು," ಎಂದಿತು ಒಂದು ದನಿ.

ಯಾರೆಂದು ಅವಳು ಬೆಚ್ಚಿ ಸುತ್ತ ನೋಡಿದಳು. ಕಚ್ಚಿದ ಹಲ್ಲು ಸಡಿಲಿ ಬಾಯಿ ತೆರೆದದ್ದು ಅವಳದೇ. ಮಿಕ್ಕವರೆಲ್ಲ ಆಗಲೇ ಮುಂದಿನ ಮಾತಿಗೆ ಹೋಗಿದ್ದರು.