ಮಧ್ಯಾಹ್ನದ ನಿದ್ದೆಗೊಂದು ಕಾವಲು

ರಾಮನಗರದ ನಮ್ಮ ಗಲ್ಲಿಯಲ್ಲಿ ಒಂದು ಕಾಲಕ್ಕೆ ಮೂರು ಶಿಶುವಿಹಾರಗಳಿದ್ದವು. ಹಾಗೆಂದ ಮಾತ್ರಕ್ಕೆ ಗಲ್ಲಿ ಬಹಳ ಮುಂದುವರಿದಿತ್ತು ಎಂದು ಯಾರೂ ತಿಳಿಯಬಾರದು. ಬೋರ್ಡು ಯಾವುದಕ್ಕೂ ಇರಲಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಗುವನ್ನು ತಂದು ಬಿಟ್ಟು ಸಂಜೆ ಎತ್ತಿಕೊಂಡು ಹೋಗುವ ಮೂರು ಮನೆಗಳು, ಅಷ್ಟೆ. ಅದರಲ್ಲೊಂದು ನನ್ನದು.

ಈ ಹುದ್ದೆಗೆ ನನಗಿದ್ದ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ಕಬ್ಬಾಳು ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸರೇ ನಡೆಸುತ್ತಿದ್ದ ಹಾಲಿನ ಡೈರಿಗೆ ನಾನು ಕಾರ್ಯದರ್ಶಿಯಾಗಿದ್ದೆ. ಬೆಳಿಗ್ಗೆ ಸಂಜೆ ಹಾಲು ಅಳೆದು, ನೀರು ಬೆರೆಸಿದವರ ಮುಖ ನೋಡಿಯೇ ಕಂಡುಹಿಡಿದು, ಮಹಾಸಭೆಗಳಲ್ಲಿ ವರದಿ ಓದಿ, ಕಡೆಗೆ ಮಂಡಿನೋವಿನ ಕಾರಣದಿಂದ ನಿವೃತ್ತಳಾದೆ. ಮಗಳು ಕೊಂಡಿದ್ದ ಈ ಮನೆಗೆ ಬಂದ ಮೇಲೆ ಎದುರು ಮನೆಯವಳು ಒಂದು ದಿನದ ಮಟ್ಟಿಗೆಂದು ಬಿಟ್ಟುಹೋದ ಮಗು ನಾಲ್ಕಾಗಿ, ಆರಾಗಿ, ದನಕರುಗಳ ಆಡಳಿತದಿಂದ ಮಕ್ಕಳ ಆಡಳಿತಕ್ಕೆ ನನಗೆ ತಾನಾಗಿಯೇ ಬಡ್ತಿ ಸಿಕ್ಕಿತು.

ಗಲ್ಲಿಯ ಕೊನೆಯಲ್ಲಿ ಆಪಾಳ ಮನೆ. ಗಂಡ ತೀರಿಕೊಂಡಿದ್ದರು. ಬಿಚ್ಚಾಣಿಕೆ ಮನೆಗಳಲ್ಲಿ ಕುದಿಯುವ ನೀರಿಗೆ ಬೆರಳಿಟ್ಟು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸವನ್ನು ವರ್ಷಗಟ್ಟಲೆ ಮಾಡಿ, ಬೆರಳ ತುದಿ ಬೆಳ್ಳಗಾದ ಮೇಲೆ ಬಿಟ್ಟಿದ್ದಳು. ಈಗ ಅದೇ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ನಾನು ಅವಳನ್ನು ಆಪಾ ಎನ್ನುತ್ತಿದ್ದೆ. ಎರಡಕ್ಕೂ ಅರ್ಥ ಒಂದೇ ಆದ್ದರಿಂದ ಇಬ್ಬರಲ್ಲಿ ಹಿರಿಯಳು ಯಾರೆಂಬುದು ಇವತ್ತಿನವರೆಗೂ ಇತ್ಯರ್ಥವಾಗಿಲ್ಲ. ಹಿರಿತನದ ಹಕ್ಕನ್ನು ಇಬ್ಬರೂ ಉದಾರವಾಗಿ ಬಿಟ್ಟುಕೊಟ್ಟವರೇ.

ಮೂರನೆಯದು ಮಧ್ಯದ ಮಹಡಿ ಮನೆ. ಅಲ್ಲೊಬ್ಬ ಹುಡುಗಿ, ಟೀಚರ್ ಟ್ರೈನಿಂಗ್ ಮುಗಿಸಿ ಸರ್ಕಾರಿ ಕೆಲಸಕ್ಕೆ ಕಾಯುತ್ತಿದ್ದವಳು. ಕಾಯುವ ಕಾಲ ದಂಡವಾಗಬಾರದೆಂದು ಮಕ್ಕಳನ್ನು ಸೇರಿಸಿಕೊಂಡಿದ್ದಳು. ಮಕ್ಕಳು ಅವಳನ್ನು ಮಿಸ್ಸು ಎನ್ನುತ್ತಿದ್ದರಿಂದ ನಾವೂ ಮಿಸ್ಸು ಎಂದೆವು. ಗೋಡೆ ತುಂಬ ಚಾರ್ಟು, ಮಹಡಿ ತುಂಬ ಬಿಸಿಲು, ಬಾಯಿ ತುಂಬ ಹಾಡು ಇದ್ದವಳು.

ಮೊದಮೊದಲು ನಮ್ಮ ಮೂವರ ಸಂಬಂಧ ಅಕ್ಕಪಕ್ಕದ ಅಂಗಡಿಯವರ ಸಂಬಂಧದಂತಿತ್ತು. ನಗುತ್ತಿದ್ದೆವು, ಆದರೆ ಅವರ ಮನೆಗೆ ಎಷ್ಟು ಮಕ್ಕಳು ಬಂದವು ಎಂದು ಕಿಟಕಿಯಿಂದ ನೋಡಿಕೊಳ್ಳುತ್ತಿದ್ದೆವು. ಮೂರು ಮನೆಯಲ್ಲೂ ಮೂರು ಕುಕ್ಕರು ಕೂಗುತ್ತಿದ್ದವು. ಅನ್ನ ಇಳಿಸುವಾಗ ಮಗು ಮೆಟ್ಟಿಲಿಳಿಯುತ್ತಿತ್ತು, ಮಗುವನ್ನು ಹಿಡಿಯಲು ಹೋದರೆ ಅನ್ನ ತಳ ಹಿಡಿಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ನಾವು ಕಾಯಿಲೆ ಬೀಳುವ ಹಾಗಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವವಳಿಗೆ ಜ್ವರ ಬಂದರೆ ಐದಾರು ಮನೆಗಳ ಸಂಬಳಕ್ಕೂ ಜ್ವರ ಬರುತ್ತದೆ.

ಬಂದೇ ಬಂತು, ನನಗೇ. ಒಂದು ಬೆಳಿಗ್ಗೆ ಕೈಕಾಲು ಕೀಲುಗಳೆಲ್ಲ ಹಿಡಿದುಕೊಂಡು ಚಿಲಕ ತೆಗೆಯಲೂ ಆಗಲಿಲ್ಲ. ಹೊರಗೆ ತಾಯಂದಿರು ನಿಂತಿದ್ದರು. ಬಿಡದಿಯ ಫ್ಯಾಕ್ಟರಿ ಬಸ್ಸು ಗಲ್ಲಿಯ ಮೂಲೆಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಆ ಬಸ್ಸು ಯಾರ ತಾಯ್ತನಕ್ಕೂ ಕಾಯುವುದಿಲ್ಲ. ಆಗ ಆಪಾ ಬಂದು, ನನ್ನನ್ನೂ ಕೇಳದೆ, ತಾಯಂದಿರನ್ನೂ ಕೇಳದೆ, ಒಂದು ಮಗುವನ್ನು ಸೊಂಟಕ್ಕೇರಿಸಿ ಎರಡನ್ನು ಕೈ ಹಿಡಿದು ನಡೆದಳಂತೆ. ಉಳಿದವನ್ನು ಮಿಸ್ಸು ಮೇಲೆ ಹತ್ತಿಸಿಕೊಂಡಳಂತೆ. ನಾನು ಎದ್ದು ಓಡಾಡುವವರೆಗೂ ಹಾಗೆಯೇ ನಡೆಯಿತು. ವಾಪಸ್ ಕರೆತರಲು ಹೋದಾಗ ನನ್ನ ಮಕ್ಕಳು ನನ್ನನ್ನು ಪರಿಚಯವಿದ್ದವರಂತೆ ನೋಡಿದವೇ ಹೊರತು ಎದ್ದು ಬರಲಿಲ್ಲ.

ಡೈರಿಯಲ್ಲಿ ಕಲಿತಿದ್ದ ಒಂದೇ ಪಾಠ ಆಗ ನೆನಪಾಯಿತು. ಒಂದು ಮನೆಯ ಒಂದು ಚೊಂಬು ಹಾಲನ್ನು ಯಾರೂ ಕೇಳುವುದಿಲ್ಲ. ಎಲ್ಲರ ಚೊಂಬೂ ಒಂದು ಕ್ಯಾನಿಗೆ ಬಿದ್ದರೆ ಲಾರಿ ಬಾಗಿಲಿಗೇ ಬರುತ್ತದೆ. ಆಪಾಳ ಜಗುಲಿಯ ಮೇಲೆ ಮಹಾಸಭೆ ಸೇರಿತು. ಹಾಜರಿದ್ದವರು ಮೂವರು, ಮಡಿಲಲ್ಲಿದ್ದವರನ್ನು ಬಿಟ್ಟು. ಅಡಿಗೆಯೆಲ್ಲ ನನ್ನ ಮನೆಯಲ್ಲಿ, ಆಟಪಾಠವೆಲ್ಲ ಮಿಸ್ಸಿನ ಮಹಡಿಯಲ್ಲಿ, ಮಧ್ಯಾಹ್ನದ ನಿದ್ದೆಯೆಲ್ಲ ಆಪಾಳ ಹಜಾರದಲ್ಲಿ ಎಂದು ತೀರ್ಮಾನವಾಯಿತು. ಬಂದದ್ದನ್ನು ಸಮನಾಗಿ ಹಂಚಿಕೊಳ್ಳುವುದು. ಆಕ್ಷೇಪಣೆ ಎತ್ತಿದ್ದು ಒಂದೇ ಕೂಸು, ಅದಕ್ಕೂ ಚಡ್ಡಿ ಒದ್ದೆಯಾಗಿದ್ದುದೇ ಕಾರಣ ಎಂದು ಆಮೇಲೆ ತಿಳಿಯಿತು.

ಆಮೇಲಿನ ದಿನಗಳೇ ಬೇರೆ. ಬೆಳಿಗ್ಗೆ ಮಹಡಿಯಿಂದ ಹಾಡು ಕೇಳುತ್ತಿತ್ತು, ನಾನು ಒಬ್ಬಳೇ ನಿಶ್ಚಿಂತೆಯಿಂದ ಒಲೆಯ ಮುಂದೆ ಇರುತ್ತಿದ್ದೆ. ರಾಗಿ, ಬೇಳೆಯನ್ನು ಮೂರು ಮನೆಗೂ ಸೇರಿಸಿ ಮೂಟೆಯಲ್ಲೇ ತರಿಸುತ್ತಿದ್ದೆವು. ಒಂದೊಂದು ಮನೆಗೆ ಬರಲು ಒಪ್ಪದಿದ್ದ ಡಾಕ್ಟರಮ್ಮ, ಎಲ್ಲ ಮಕ್ಕಳೂ ಒಂದೇ ಕಡೆ ಸಿಗುತ್ತಾರೆಂದು ತಿಂಗಳಿಗೊಮ್ಮೆ ತಾವೇ ಬಂದು ತೂಕ ನೋಡಿ ಹೋಗತೊಡಗಿದರು. ಮಿಸ್ಸು ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋದಳು. ನಾನು ಮಾಗಡಿಯಲ್ಲಿ ತಂಗಿಯ ಮಗನ ಮದುವೆಗೆ ಹೋಗಿ ಎರಡು ದಿನ ಇದ್ದು ಬಂದೆ. ರಂಜಾನಿನಲ್ಲಿ ಆಪಾಳ ಕೆಲಸ ನಾವು ಹಗುರ ಮಾಡಿದೆವು, ಗೌರಿಹಬ್ಬದಲ್ಲಿ ನಮ್ಮದನ್ನು ಅವಳು ಹೊತ್ತಳು. ರಜೆ ಎಂಬ ವಸ್ತು ನಮಗೂ ಇದೆ ಎಂದು ಆ ವಯಸ್ಸಿನಲ್ಲಿ ತಿಳಿಯಿತು.

ಆದರೆ ಎಲ್ಲದರ ಶಿಖರ ಮಧ್ಯಾಹ್ನ. ಊಟವಾದ ಮೇಲೆ ಮಕ್ಕಳೆಲ್ಲ ಒಂದು ಹಳೆಯ ಸೀರೆಯ ಅಂಚು ಹಿಡಿದು ಸಾಲಾಗಿ ಆಪಾಳ ಮನೆಗೆ ಹೊರಡುತ್ತಿದ್ದವು. ರೇಷ್ಮೆಗೂಡಿನ ಮೂಟೆ ಹೇರಿಕೊಂಡ ತಳ್ಳುಗಾಡಿಗಳು ನಿಂತು ದಾರಿ ಬಿಡುತ್ತಿದ್ದವು. ಮಂತ್ರಿಗಳಿಗೂ ಆ ಗಲ್ಲಿಯಲ್ಲಿ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಹಜಾರದಲ್ಲಿ ಚಾಪೆಗಳ ಮೇಲೆ ಎಲ್ಲರೂ ಬಿದ್ದ ಮೇಲೆ ಆಪಾ ಲಾಲಿ ಹಾಡುತ್ತಿರಲಿಲ್ಲ, ತಟ್ಟುತ್ತಿರಲಿಲ್ಲ, ಗುಮ್ಮನನ್ನು ಕರೆಯುತ್ತಿರಲಿಲ್ಲ. ಕಿಟಕಿ ಮುಚ್ಚಿ, ನಡುವೆ ಮಲಗಿ, ತಾನೇ ನಿದ್ದೆ ಹೋಗಿಬಿಡುತ್ತಿದ್ದಳು. ನಿಜವಾದ ನಿದ್ದೆ. ಕಾಡಿಸಲು ಯಾರೂ ಇಲ್ಲದ ಮೇಲೆ ಮಕ್ಕಳು ಏನು ಮಾಡಬೇಕು? ಒಂದರ ಹಿಂದೊಂದು ಅವಳ ದಾರಿಯಲ್ಲೇ ಹೋಗುತ್ತಿದ್ದವು. ನಾನು ಹೊಸ್ತಿಲಲ್ಲಿ ಕೂತು ಮರುದಿನದ ಸೊಪ್ಪು ಬಿಡಿಸುತ್ತಿದ್ದೆ. ಇದನ್ನೇ ವಿದ್ಯೆ ಎನ್ನಬೇಕೋ ಸೋಮಾರಿತನ ಎನ್ನಬೇಕೋ ಎಂದು ಮಿಸ್ಸು ಒಮ್ಮೆ ಕೇಳಿದ್ದಳು. ಫಲಿತಾಂಶ ನೋಡಿ ಹೆಸರಿಡು ಎಂದಿದ್ದೆ.

ಕಳೆದ ವರ್ಷ ಚನ್ನಪಟ್ಟಣದಲ್ಲಿ ಆಪಾಳ ಮಗಳಿಗೆ ಮಗುವಾಯಿತು. ಮಗಳು ಬೊಂಬೆ ಮಾಡುವ ಕಾರ್ಖಾನೆಯಲ್ಲಿ ಬಣ್ಣದ ಕೆಲಸಕ್ಕಿದ್ದಳು. ರಜೆ ಮುಗಿಯಿತು, ಕೂಸನ್ನು ನೋಡುವವರಿಲ್ಲ. ಊರಿನ ಮಕ್ಕಳನ್ನೆಲ್ಲ ನೋಡಿಕೊಳ್ಳುವವಳು ತನ್ನ ಮೊಮ್ಮಗುವನ್ನು ನೋಡಿಕೊಳ್ಳದೆ ಇರಲಾದೀತೇ? ಸ್ವಲ್ಪ ದಿನ ಎಂದು ಹೇಳಿ, ಮನೆಯ ಬೀಗದ ಕೈಯನ್ನೂ ಚಾಪೆಗಳನ್ನೂ ನನಗೆ ಒಪ್ಪಿಸಿ ಹೋದಳು. ಸ್ವಲ್ಪ ದಿನಕ್ಕೆ ಇಂಥದೇ ಅಳತೆ ಎಂದೇನೂ ಇಲ್ಲವಲ್ಲ, ಅದು ಬೆಳೆಯುತ್ತಲೇ ಹೋಯಿತು.

ಮಧ್ಯಾಹ್ನಗಳು ಕೆಟ್ಟವು. ಆಪಾ ಮಾಡುತ್ತಿದ್ದುದು ಏನು ಮಹಾ, ಮಲಗುವುದು ತಾನೇ, ಎಂದು ನಾನು ಮಕ್ಕಳ ನಡುವೆ ಗಂಭೀರವಾಗಿ ಕಣ್ಣು ಮುಚ್ಚಿ ಮಲಗಿದೆ. ತುಸು ಹೊತ್ತಿನಲ್ಲೇ ಒಂದು ಪುಟ್ಟ ಬೆರಳು ನನ್ನ ರೆಪ್ಪೆಯನ್ನು ಮೇಲೆತ್ತಿತು. ಒಳಗೆ ಇಣುಕಿದ ಮೂರು ವರ್ಷದ ಪರೀಕ್ಷಕಿ ಉಳಿದವರಿಗೆ ವರದಿ ಒಪ್ಪಿಸಿದಳು: “ಅಜ್ಜಿದು ಸುಳ್ ನಿದ್ದೆ.” ಅಲ್ಲಿಗೆ ಸಭೆ ಎದ್ದಿತು. ನಿದ್ದೆಗೆಟ್ಟ ಮಕ್ಕಳು ಸಂಜೆ ತಾಯಂದಿರ ಹೆಗಲ ಮೇಲೆ ರಂಪ ಮಾಡಿಕೊಂಡು ಹೋಗುತ್ತಿದ್ದವು. ಆಪಾಳನ್ನು ಕರೆದುಕೊಂಡು ಬರಲೇಬೇಕು ಎಂದು ನಾನೂ ಮಿಸ್ಸೂ ನಿಶ್ಚಯಿಸಿದೆವು. ಮಕ್ಕಳಿಗಾಗಿ ಎಂದೇ ಹೇಳಿಕೊಂಡೆವು. ಆಪಾ ಇಲ್ಲದ ಹಜಾರದ ಮುಂದೆ ಸೊಪ್ಪು ಬಿಡಿಸುತ್ತ ಕೂತಾಗ ಯಾರಿಗಾಗಿ ಎನ್ನುವುದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಒಂದು ಶನಿವಾರ ನಸುಕಿನಲ್ಲೇ ಅಡಿಗೆ ಮುಗಿಸಿ, ಮಿಸ್ಸಿಗೆ ಅಧಿಕಾರ ಹಸ್ತಾಂತರಿಸಿ, ಏಕಸದಸ್ಯ ನಿಯೋಗವಾಗಿ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿ ಬಿಟ್ಟಿ ಟಿಕೆಟ್ಟು ಪಡೆದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕೂಸನ್ನೂ ಮಗಳನ್ನೂ ಇಲ್ಲಿಗೇ ಕರೆತರಲಿ, ಮಗಳು ಬಸ್ಸಿನಲ್ಲಿ ಓಡಾಡಲಿ, ಅವಳ ಮನೆಯಂತೂ ಖಾಲಿಯೇ ಇದೆ. ಎಲ್ಲ ಪ್ರಶ್ನೆಗೂ ಉತ್ತರ ಸಿದ್ಧವಿತ್ತು.

ಆಪಾ ಬಾಗಿಲು ತೆರೆದಾಗ ಮಾತೆಲ್ಲ ಹಿಂದಕ್ಕೆ ಹೋಯಿತು. ಕಣ್ಣ ಕೆಳಗೆ ಕಪ್ಪು, ಕಂಕುಳಲ್ಲಿ ಮೊಮ್ಮಗು, ಸೆರಗು ಹಿಡಿದು ಇನ್ನೂ ನಾಲ್ಕು ಮಕ್ಕಳು. ಮಗಳ ಜೊತೆ ಕೆಲಸ ಮಾಡುವವರು ತಂದು ಬಿಟ್ಟವಂತೆ. ಒಂದೇ ಕೋಣೆ, ಬಾಗಿಲಾಚೆಗೇ ರಸ್ತೆ. ಬೈಕುಗಳು ಹೊಸ್ತಿಲು ಒರೆಸಿಕೊಂಡು ಹೋಗುತ್ತಿದ್ದವು. ಮಕ್ಕಳ ಕೈಯಲ್ಲಿ ಬಿಸ್ಕತ್ತಿತ್ತು. ಅಡಿಗೆ ಮಾಡಲು ಪುರುಸೊತ್ತೆಲ್ಲಿ, ಬೆನ್ನು ತಿರುಗಿಸಿದರೆ ಒಂದು ರಸ್ತೆಯಲ್ಲಿರುತ್ತದೆ ಎಂದಳು. ನಾನು ಅಡಿಗೆ ಮೂಲೆಗೆ ಹೋಗಿ ಅಕ್ಕಿ ಬೇಳೆ ಹುಡುಕಿ ಕುಕ್ಕರ್ ಇಟ್ಟೆ. ಮಕ್ಕಳು ಉಂಡವು. ಆಪಾಳೂ ನಿಂತುಕೊಂಡೇ ಉಂಡಳು.

ಉಂಡ ಮೇಲೆ ಮಕ್ಕಳನ್ನು ಮಲಗಿಸಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ತಟ್ಟಿದಳು, ಗದರಿದಳು, ಹಾಡಿದಳು. ಅವಳಿಗೆ ಹಾಡಲು ಬರುತ್ತಿರಲಿಲ್ಲ ಎನ್ನುವುದು ಆ ದಿನವೇ ನನಗೆ ತಿಳಿದದ್ದು. ಮಕ್ಕಳು ಹೊರಳುತ್ತಲೇ ಇದ್ದವು. ನೀನ್ಯಾಕೆ ಮಲಗುವುದಿಲ್ಲ ಎಂದು ಕೇಳಿದೆ.

“ಬಾಗ್ಲಲ್ಲಿ ಯಾರವ್ರೆ ಅಕ್ಕಾ, ನಾನ್ ಮಲಗಾಕೆ? ಅಲ್ಲಾದ್ರೆ ನೀನಿದ್ದೆ.”

ನಾನು ಹೊಸ್ತಿಲಿಗೆ ಹೋಗಿ ಕೂತೆ. ಒಸಿ ಕೂತಿರ್ತೀಯಾ ಎಂದು ಕೇಳಿ, ಉತ್ತರಕ್ಕೂ ಕಾಯದೆ, ಮಕ್ಕಳ ನಡುವೆ ಬಿದ್ದಳು. ಬಿದ್ದವಳು ಹಾಗೆಯೇ ನಿದ್ದೆ ಹೋಗಿಬಿಟ್ಟಳು. ಮೊಮ್ಮಗು ಅವಳ ತೋಳಿನ ಮೇಲೆ, ಉಳಿದವು ಒಂದೊಂದಾಗಿ. ಬೈಕುಗಳು ಹೋಗುತ್ತಿದ್ದವು, ಎದುರು ಮನೆಯಲ್ಲಿ ಯಾರೋ ಮಗುವನ್ನು ಬೈಯುತ್ತಿದ್ದರು. ಯಾವುದೂ ಅವಳನ್ನು ಮುಟ್ಟಲಿಲ್ಲ. ರಾಮನಗರದಲ್ಲಿ ನಾವೆಲ್ಲ ಆಪಾಳ ವಿದ್ಯೆ ಎಂದುಕೊಂಡಿದ್ದರಲ್ಲಿ ಅರ್ಧ ನನ್ನ ಸೊಪ್ಪಿನದಾಗಿತ್ತು. ಯಾರೋ ಎಚ್ಚರವಾಗಿದ್ದರೆ ತಾನೇ ಇನ್ನೊಬ್ಬರಿಗೆ ನಿದ್ದೆ? ಮೂರು ಮನೆ ಸೇರಿಸಿ ನಾವು ಉಳಿಸಿದ್ದು ಬೇಳೆಯನ್ನಲ್ಲ, ಇದನ್ನು. ಹೆಸರು ಗೊತ್ತಿಲ್ಲದೆ ಇಷ್ಟು ವರ್ಷ ಹಂಚಿಕೊಂಡಿದ್ದೆವು. ನಾನು ಕೈಯಲ್ಲಿ ಏನೂ ಕೆಲಸವಿಲ್ಲದೆ ಅವಳ ಮುಖವನ್ನೇ ನೋಡುತ್ತ ಕೂತಿದ್ದೆ. ಆ ಮಧ್ಯಾಹ್ನ ಮುಗಿಯುವುದು ನನಗೆ ಬೇಕಿರಲಿಲ್ಲ.

ಅವಳು ಎದ್ದಾಗ ಬಿಸಿಲು ಇಳಿದಿತ್ತು. ಚಹಾ ಮಾಡಿದಳು. ಮುಖ ಬೇರೆಯಾಗಿತ್ತು, ಹಳೆಯದಾಗಿತ್ತು. ನಾನು ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡೆ. ಜಗುಲಿಯ ಮಹಾಸಭೆಯಲ್ಲಿ ವಿಷಯ ಮಂಡಿಸುವ ಮೊದಲು ನಾನು ಹಾಗೆ ಮಾಡುವುದು ಅವಳಿಗೆ ಗೊತ್ತಿತ್ತು.

“ಏನ್ ಕೇಳಾಕೆ ಬಂದಿದೀಯ ಅಂತ ಗೊತ್ತು ಕಣಕ್ಕ,” ಎಂದಳು. “ಕೇಳ್ಬ್ಯಾಡ. ನೀನ್ ಕೇಳುದ್ರೆ ನಾನ್ ಬಂದ್ಬುಡ್ತೀನಿ.”

ಕೂಸು ಅವಳ ಮಡಿಲಲ್ಲಿ ಬಳೆ ತಿರುಗಿಸುತ್ತಿತ್ತು. ನಾನು ಲೋಟ ಎತ್ತಿಕೊಂಡು ಉಳಿದ ಚಹಾ ಕುಡಿದೆ. ಕೇಳಲಿಲ್ಲ.

ಎದ್ದು ಎದುರು ಮನೆಗೆ ಹೋದೆ. ಮರದ ಮಣಿಗಳನ್ನು ಸರಕ್ಕೆ ಪೋಣಿಸುವ ಕೆಲಸವನ್ನು ಮನೆಯಲ್ಲೇ ಮಾಡುವ ಹೆಂಗಸು ಅವಳು. ತನ್ನದೊಂದು, ನಾದಿನಿಯದೊಂದು ಮಗುವನ್ನು ನೋಡಿಕೊಳ್ಳುತ್ತ, ಪೋಣಿಸಿದ ಮಣಿಯನ್ನು ಅವು ಎಳೆದು ಚೆಲ್ಲುವುದನ್ನು ಆಯುತ್ತ, ಬೈಯುತ್ತ ದಿನ ಕಳೆಯುತ್ತಿದ್ದಳು. ನಾನು ವಿಷಯ ಹೇಳಿದೆ. ಮಧ್ಯಾಹ್ನ ನಿನ್ನ ಎರಡನ್ನೂ ಆಪಾಳ ಕೋಣೆಯಲ್ಲಿ ಮಲಗಿಸು, ಹೊಸ್ತಿಲಲ್ಲಿ ಕೂತು ನೆಮ್ಮದಿಯಾಗಿ ಮಣಿ ಪೋಣಿಸು. ಒಂದೇ ಒಲೆಯಲ್ಲಿ ಎಲ್ಲಕ್ಕೂ ಗಂಜಿ ಕಾಯಿಸಿಕೊಳ್ಳಿ.

ಅವಳು ಸುಲಭಕ್ಕೆ ಬಗ್ಗಲಿಲ್ಲ. “ನಮ್ ಮಕ್ಳ ನಾವ್ ನೋಡ್ಕತೀವಿ ಬುಡಮ್ಮ. ನೀವ್ಯಾರು, ಎಲ್ಲಿಂದ್ ಬಂದ್ರಿ?” ಎಂದಳು. ಕಬ್ಬಾಳು ಕಡೆಯವಳು ಎಂದೆ. ಅವಳ ತವರು ವಿರೂಪಾಕ್ಷಿಪುರದ ಹತ್ತಿರವಂತೆ, ಆದರೆ ಮನೆದೇವರು ಕಬ್ಬಾಳಮ್ಮನಂತೆ. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಕಾರ್ಯದರ್ಶಿಯಾಗಿ ನಾನು ಬಹಳ ಮಂದಿಯನ್ನು ಸಂಘಕ್ಕೆ ಸೇರಿಸಿದ್ದೇನೆ, ಆದರೆ ಒಬ್ಬ ಸದಸ್ಯೆಯನ್ನು ಕಳೆದುಕೊಳ್ಳುವುದಕ್ಕಾಗಿ ಇನ್ನೊಬ್ಬಳನ್ನು ಸೇರಿಸಿದ್ದು ಅದೇ ಮೊದಲು. ಸೋಮವಾರದಿಂದ ನೋಡೋಣ ಎಂದಳು. ನನ್ನ ನಂಬರು ಕೊಟ್ಟು, ಹೇಗೆ ನಡೆಯುತ್ತದೆ ತಿಳಿಸು ಎಂದು ಹೇಳಿ ಬಂದೆ. ಆಪಾ ಮೂಲೆಯವರೆಗೂ ಬಂದು ಬಸ್ಸು ಹತ್ತಿಸಿದಳು.

ಇಲ್ಲಿ ಈಗ ನಾನೂ ಮಿಸ್ಸೂ ಸರದಿ ಮೇಲೆ ಕಾವಲು ಕೂರುತ್ತೇವೆ. ಮಿಸ್ಸು ಹೊಸ್ತಿಲಲ್ಲಿದ್ದ ಒಂದು ದಿನ ನನಗೆ ನಿಜವಾಗಿಯೇ ಜೊಂಪು ಹತ್ತಿತೆಂದೂ, ಪರೀಕ್ಷಕಿ ಅದನ್ನು ಮಾನ್ಯ ಮಾಡಿದಳೆಂದೂ ತಿಳಿದುಬಂದಿದೆ.

ಆ ಸೋಮವಾರ ಕಳೆದು ಎರಡು ವಾರಕ್ಕೆ, ಮಧ್ಯಾಹ್ನದ ಹೊತ್ತಿನಲ್ಲಿ, ಮಣಿ ಪೋಣಿಸುವವಳು ಫೋನು ಮಾಡಿದಳು. ಎಲ್ಲ ಸರಿಯಾಗಿ ನಡೆಯುತ್ತಿದೆ, ಮಕ್ಕಳು ಮಲಗುತ್ತಿವೆ, ಒಂದೇ ಒಂದು ತಕರಾರು ಎಂದಳು. “ಆಪಾ ಗೊರಕೆ ಹೊಡೀತಾರೆ ಕಣಕ್ಕ. ಎಣಿಕೆ ತಪ್ಪೋಯ್ತದೆ ನಂಗೆ.”

ಈಗಲೂ ಹೊಡೆಯುತ್ತಿದ್ದಾಳೆಯೇ ಎಂದು ಕೇಳಿದೆ. ಅವಳು ಫೋನನ್ನು ಕೋಣೆಯ ಕಡೆ ಹಿಡಿದಿರಬೇಕು. ಬೈಕೊಂದು ಹಾದುಹೋಯಿತು. ಅದರ ಸದ್ದು ಇಳಿದ ಮೇಲೆ ಕೇಳಿಸಿತು. ಸಾಕಾ ಎಂದು ಅವಳು ಕೇಳಿದಳು. ಇನ್ನೂ ಸ್ವಲ್ಪ ಹಿಡಿದಿರು ಎಂದೆ.